ಸೊಂಟದಲ್ಲಿದ್ದ ನೀರು

ಅಪ್ಪ,

ನಿನ್ನ ಮಣ್ಣಿಗೆ ಬರದೋನು ಈಗ ಕಾಗ್ದ ಯಾಕೆ ಬರೀತಾನೆ ಅನ್ಬೇಡ. ನಿನ್ನೆ ನಮ್ಮ ಹೆಲಿಕಾಪ್ಟರು ಕೆಟ್ಟು ಮರಳುಗಾಡಲ್ಲಿ ಇಳೀತು. ಹೊಗೆ ಎದ್ದಿದ್ದೇ ಮೂವರೂ ಓಡಿದ್ವಿ. ಪೈಲಟ್‌ಗಳಿಬ್ಬರ ಬಾಟ್ಲಿ ಸೀಟಿನ ಕೆಳಗೇ ಉಳೀತು. ನನ್ನ ನೀರು, ಸಿಳ್ಳೆ, ಕನ್ನಡಿ ಸೊಂಟದಲ್ಲೇ ಇದ್ವು.

ನಾನು ಕುರಿ ಬುಟ್ಟು ಈ ಹೆಲಿಕಾಪ್ಟರ್ ಕೆಲ್ಸಕ್ಕೆ ಹೊರಟಾಗ, "ಆಕಾಸದಾಗೆ ನಿಂಗೆ ನೀರು ಕೊಡೋರು ಯಾರ್ಲಾ?" ಅಂದಿದ್ದೆ ನೀನು. ನಾನೇ ಕೊಟ್ಟೆ ಕಣಪ್ಪ, ಇಬ್ಬರಿಗೂ.

"ಸೊಂಟಕ್ಕೆ ಕಟ್ಟೋದು ಎಲ್ಲಿ ಕಲಿತೆ?" ಅಂದ್ರು ಪೈಲಟ್ ಸಾಹೇಬ್ರು. ಟ್ರೈನಿಂಗಲ್ಲಿ ಅಂದೆ. ವಿರೂಪಾಕ್ಷಿಪುರದ ಬೀಳಲ್ಲಿ ಕುರಿ ಮೇಯಿಸುವಾಗ, ನೀರಿನ ಸೋರೆಬುರುಡೆ ಸೊಂಟದಿಂದ ಬಿಚ್ಚಿ ಮರಕ್ಕೆ ತಗುಲಾಕಿದ್ದಕ್ಕೆ ನೀನು ಬೆನ್ನಿಗೆ ಬಾರಿಸಿದ್ದು ಹೇಳ್ಲಿಲ್ಲ. ಹೇಳೋದೂ ಇಲ್ಲ.

ಕುರಿ ಕುಡಿದ ಮೇಲೇ ನೀನು ಕುಡೀತಿದ್ದೆ. ನಿನ್ನೆ ಅವರಿಬ್ಬರೂ ಕುಡಿದ ಮೇಲೇ ನಾನು ಬಾಯಿಗಿಟ್ಟೆ.

ಅದೂ ಟ್ರೈನಿಂಗಲ್ಲೇ ಕಲಿತದ್ದು ಅಂತ ಇಟ್ಕೋ.