ಕೆಳಗಿನಿಂದ ಹತ್ತಿ ನೋಡದ ಮರ

ಮಾರ್ಚ್ 4, ಸೋಮವಾರ. ಬೆಳಿಗ್ಗೆ 8.40

ಲಿಫ್ಟ್ ಇವತ್ತೂ ಕೆಟ್ಟಿದೆ. ನಾಲ್ಕು ಮಹಡಿ ಹತ್ತುವಷ್ಟರಲ್ಲಿ ಮೊಣಕಾಲು ತನ್ನ ಪುರಾಣ ತೆಗೆಯಿತು. ಕುಳಿತು, ನೀರು ಕುಡಿದು, ಪೆನ್ಸಿಲ್ ಚೂಪು ಮಾಡಿಕೊಂಡೆ. ಹಳೆಯ ಹಾಳೆಯ ಖಾಲಿ ಬೆನ್ನಿನ ಮೇಲೆ ಇಂದಿನ ಮೊದಲ ಮರ — ಬೇರು ಮೇಲೆ, ಎಲೆ ಕೆಳಗೆ. ಹದಿನಾರು ವರ್ಷದಿಂದ ಇದೇ ಕೆಲಸ.

ತಂಗಿಯ ಕಾಗದ ಬಂದಿದೆ. 'ಅಕ್ಕಾ, ನೀನು ದಿನಾ ಬಿಡಿಸೋ ಆ ಮರದಲ್ಲಿ ಹಣ್ಣು ಏನಾದ್ರೂ ಬಿಡುತ್ತಾ?' ಎಂದು ಕೇಳಿದ್ದಾಳೆ. ತಲೆನೋವು ಬಿಡುತ್ತೆ ಎಂದು ಉತ್ತರ ಬರೆದೆ. ಆಮೇಲೆ ಮನಸ್ಸು ತಡೆಯದೆ ಒಂದು ಪುಟ ವಿವರಿಸಿದೆ. ಜನ ಬರೆದ ನಿಯಮವನ್ನು ಯಂತ್ರ ಓದಬೇಕು. ಹಾಗೆ ಓದುವ ಪ್ರೋಗ್ರಾಂ ಪಾರ್ಸರ್. ಸಾಲನ್ನು ಬರೀ ಸಾಲಾಗಿ ಇಟ್ಟುಕೊಂಡರೆ ಅದಕ್ಕೆ ತಲೆಬುಡ ತಿಳಿಯದು. ಯಾವುದು ಯಾವುದರ ಕೆಳಗೆ ಎಂದು ಮರ ಕಟ್ಟಿಕೊಳ್ಳುತ್ತದೆ. ಆ ಮರ ಕಟ್ಟುವ, ಬೇಕಾದಾಗ ಮುರಿದು ಬೇರೆ ಆಕಾರಕ್ಕೆ ಮತ್ತೆ ಕಟ್ಟುವ ಲೈಬ್ರರಿ — ಬೇರೆ ಪ್ರೋಗ್ರಾಂಗಳು ಎರವಲು ಪಡೆಯುವ ಕೋಡಿನ ಕಟ್ಟು — ನನ್ನದು. ಪಾರ್ಸರ್ ಓಡುವಾಗೆಲ್ಲ ಅದರ ಹೊಟ್ಟೆಯೊಳಗೆ ಇದೂ ಓಡುತ್ತಿರುತ್ತದೆ. ಯಾರ ಕಣ್ಣಿಗೂ ಬೀಳದು. ಬಿತ್ತೆಂದರೆ ಕೆಟ್ಟಿದೆ ಎಂದೇ ಅರ್ಥ.

ಏಪ್ರಿಲ್ ಕೊನೆಗೆ ನಿವೃತ್ತಿ. ಎಂಟು ವಾರ. ಎಣಿಸಬಾರದು ಎಂದುಕೊಂಡೇ ಎಣಿಸುತ್ತಿದ್ದೇನೆ.

ತಂಗಿಯ ಮಗಳು ಚುಕ್ಕಿ ಈಗ ನಮ್ಮ ಗುಂಪಿನ ಲೀಡ್. ಮನೆಯಲ್ಲಿ ದೊಡ್ಡಮ್ಮ, ಆಫೀಸಿನಲ್ಲಿ ಮೇಡಂ — ಕೆಲಸಕ್ಕೆ ಸೇರಿದ ದಿನವೇ ಅವಳು ಎಳೆದುಕೊಂಡ ಗೆರೆ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ದಾಟಿಲ್ಲ.

ಮಾರ್ಚ್ 5, ಮಂಗಳವಾರ. 11.15

ಔಷಧ ಉಗ್ರಾಣದ ಮೇಲ್ವಿಚಾರಕರ ಫೋನ್. ಹಳೆಯ ಗಿರಾಕಿ. ಕೂಗಾಡುವವರಲ್ಲ.

'ಮೇಡಂ, ನಿಮ್ಮ ಪ್ರೋಗ್ರಾಮಿಗೆ ನಮ್ಮ ಎರಡನೇ ಕೋಣೆ ಮೇಲೆ ಏನಾದ್ರೂ ಮುನಿಸಾ?'

'ಯಾಕೆ ಸಾರ್?'

'ಶನಿವಾರ ಎರಡನೇ ಕೋಣೆ ಬಿಸಿಯಾಯ್ತು. ನಿಮ್ಮದು ಮೂರನೇದು, ಮೂರನೇದು ಅಂತ ಬಡ್ಕೊಳ್ತು. ನಾವೂ ನಂಬಿ, ಮೂರರಲ್ಲಿ ತಣ್ಣಗಿದ್ದ ಔಷಧಾನೆಲ್ಲ ಹೊತ್ತು ಎರಡಕ್ಕೆ ಸಾಗಿಸಿದ್ವಿ. ಬೆವರು ಸುರಿಸಿ ಕೆಡಿಸಿದ್ದೀವಿ ಮೇಡಂ. ಇಂಥಾ ಶ್ರದ್ಧೆ ನಮ್ಮೋರು ಹಿಂದೆಂದೂ ತೋರಿಸಿರಲಿಲ್ಲ.'

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರೂ ನಗಲಿಲ್ಲ. ಕೊನೆಗೆ ಅವರೇ ಗೋಡೆಯ ಥರ್ಮಾಮೀಟರ್ ನೋಡಿ ತಡೆದರಂತೆ. ಒಂದು ಪೆಟ್ಟಿಗೆಯೂ ರೋಗಿಗಳ ತನಕ ಹೋಗಿಲ್ಲ. ಎರಡೂ ಕೋಣೆಯ ಸರಕನ್ನು ನಾಶಮಾಡಿದ್ದಾರೆ. ಅದರಲ್ಲಿ ಮಕ್ಕಳ ಲಸಿಕೆಯೂ ಇತ್ತು.

ಮಾರ್ಚ್ 7, ಗುರುವಾರ. ಸಂಜೆ 4

ಎರಡು ದಿನ ಹೋಯಿತು. ಅವರ ನಿಯಮ ಒಂದೇ ಸಾಲು: ಎರಡನೇ ಕೋಣೆ, ಮೂರನೇ ಕೋಣೆ — ಎಂಟು ಡಿಗ್ರಿ ದಾಟಿದರೆ ಎಚ್ಚರಿಕೆ. ಲೈಬ್ರರಿ ಇದನ್ನು ಒಡೆದು ಎರಡು ಕೊಂಬೆ ಮಾಡುತ್ತದೆ. ಎರಡೂ ಕೋಣೆಯ ಕೆಳಗೆ ಅದೇ 'ಎಂಟು ಡಿಗ್ರಿ'. ಮರವನ್ನು ಪ್ರಿಂಟ್ ಮಾಡಿ ನೋಡಿದೆ. ಸರಿ. ಪೆನ್ಸಿಲಿನಲ್ಲಿ ಬಿಡಿಸಿ ನೋಡಿದೆ. ಸರಿ. ಹನ್ನೊಂದು ಸಲ. ಸರಿ, ಸರಿ, ಸರಿ. ಕಣ್ಣುರಿ.

ಚುಕ್ಕಿ ಬಂದು ನಿಂತಳು.

'ಊಟ ಆಯ್ತಾ ಮೇಡಂ?'

'ಆಯ್ತು.'

'ಡಬ್ಬಿ ಮುಚ್ಚಳಾನೇ ತೆಗೆದಿಲ್ಲ. ಡಬ್ಬೀನ ಹೊರಗಿಂದ ನೋಡಿದ್ರೇ ಹೊಟ್ಟೆ ತುಂಬುತ್ತಾ?'

ಮುಚ್ಚಳ ತೆಗೆದು ಮುಂದಿಟ್ಟು ಹೋದಳು.

ಉಣ್ಣುತ್ತಾ ನೆನಪಾಯಿತು. ಈ ಕೆಲಸಕ್ಕೆ ಮುಂಚೆ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಅಲ್ಲೊಬ್ಬರು ಹಿರಿಯರು, ದಪ್ಪ ಗಾಜಿನ ಕನ್ನಡಕದವರು — ಕೊನೆಯ ಸಲ ಪುಟವನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದಿಸುತ್ತಿದ್ದರು. 'ಮೇಲಿಂದ ಓದಿದ್ರೆ ಕಣ್ಣು ತನಗೆ ಬೇಕಾದ್ದನ್ನ ಓದ್ಕೊಂಡು ಹೋಗುತ್ತೆ ಕಣಮ್ಮ.' ಪೆನ್ಸಿಲಿನ ಮರಗಳನ್ನು ನಾನು ಯಾವಾಗಲೂ ಮೇಲಿನಿಂದಲೇ ಓದಿದ್ದು. ಲೈಬ್ರರಿ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳನ್ನೂ ಹಾಗೆಯೇ ಬರೆದದ್ದು.

ಎಲೆಯಿಂದ ಮೇಲಕ್ಕೆ ಹತ್ತಿದೆ. ಮರದ ಪ್ರತಿ ನೋಡ್, ಅಂದರೆ ಕೊಂಬೆಯ ಪ್ರತಿ ಗಂಟು, ತನ್ನ ಮೇಲೆ ಯಾರಿದ್ದಾರೆ ಎಂದು ಬರೆದಿಟ್ಟುಕೊಂಡಿರುತ್ತದೆ. ಬರೆಯಲು ಅದಕ್ಕಿರುವುದು ಒಂದೇ ಜಾಗ. ಆದ್ದರಿಂದ ಒಂದು ನೋಡ್ ಎರಡು ಕಡೆ ಬೇಕಾದಾಗ ಮೊದಲನೆಯ ಕಡೆಗೆ ಅಸಲು, ಎರಡನೆಯ ಕಡೆಗೆ ನಕಲು ಹೋಗಬೇಕು. ನಕಲು ಮಾಡುವ ಸಾಲೇ ಇಲ್ಲ. ಒಂದೇ 'ಎಂಟು ಡಿಗ್ರಿ' ಎರಡೂ ಕೊಂಬೆಗೆ ನೇತಾಡುತ್ತಿದೆ. ಮೇಲಿನಿಂದ ಇಳಿದರೆ ಎರಡೂ ಸರಿ. ಕೆಳಗಿನಿಂದ ಹತ್ತಿದರೆ, ಕೊನೆಗೆ ಬರೆದ ಮೂರನೇ ಕೋಣೆ ಮಾತ್ರ. ಇಷ್ಟು ವರ್ಷ ಯಾರೂ ಹತ್ತಿರಲಿಲ್ಲ. ಹೋದ ತಿಂಗಳು ಚುಕ್ಕಿ, ಯಾವ ಕೋಣೆ ಎಂದು ಹೇಳುವ ವರದಿ ಸೇರಿಸಿದಳು. ಅದು ಹತ್ತಿತು.

ಆ ಜಾಗದ ಬದಲಾವಣೆಯ ದಾಖಲೆ ತೆರೆದೆ. ಪಕ್ಕದಲ್ಲಿ ಹೆಸರು — ಚುಕ್ಕಿಯದು.

ಮಾರ್ಚ್ 8, ಶುಕ್ರವಾರ

'ಸದ್ಯಕ್ಕೆ' ಸಾಹೇಬರ ಕೋಣೆಯಲ್ಲಿ ಮೀಟಿಂಗ್. ನಮ್ಮ ಮ್ಯಾನೇಜರಿಗೆ ಆ ಹೆಸರು ಬಿದ್ದಿರುವುದು ಅವರ ಪ್ರತಿ ಮಾತೂ ಅಲ್ಲಿಂದಲೇ ಹೊರಡುವುದರಿಂದ.

'ಸದ್ಯಕ್ಕೆ ಉಗ್ರಾಣದ ಆಡಳಿತದೋರು ಬರಹದಲ್ಲಿ ಕೇಳಿದ್ದಾರೆ. ತಪ್ಪು ಯಾರದು ಅಂತ ಇಪ್ಪತ್ತೊಂದರ ಒಳಗೆ ಹೆಸರು ಕೊಡ್ಬೇಕು. ಆ ವ್ಯಕ್ತಿ ಇನ್ಮೇಲೆ ಔಷಧದ ಕೆಲಸ ಮುಟ್ಟೋ ಹಾಗಿಲ್ಲ, ಅವರದೂ ಅಲ್ಲ, ಬೇರೆಯವರದೂ ಅಲ್ಲ.' ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು. 'ಸದ್ಯಕ್ಕೆ ಇಲ್ಲಿ ಇವರ ಹೆಸರಿದೆ.'

ಚುಕ್ಕಿ ಪರದೆ ನೋಡಿದಳು. ಆಮೇಲೆ ನನ್ನನ್ನು. 'ಹೌದು ಸಾರ್. ಇದೆ.'

ಬಾಯಿ ತೆರೆದೆ. ಕೆಮ್ಮು ಬಂತು. ಸಾಹೇಬರೇ ಎದ್ದು ನೀರು ಕೊಟ್ಟರು. ಕುಡಿದು ಮುಗಿಸುವಷ್ಟರಲ್ಲಿ ಮೀಟಿಂಗೂ ಮುಗಿದಿತ್ತು.

ಕೆಮ್ಮು ನಿಜವಾಗಿ ಬಂದಿತ್ತೇ...

ಮಾರ್ಚ್ 13, ಬುಧವಾರ

ನಾಲ್ಕು ದಿನ ಬರೆಯಲಿಲ್ಲ. ಬರೆದಿದ್ದರೆ ಇದನ್ನೇ ಬರೆಯಬೇಕಿತ್ತು.

ಆ ಸಾಲು ಅಳಿಸಿದ್ದು ನಾನು. ಹನ್ನೊಂದು ವರ್ಷದ ಹಿಂದೆ. ಆಗ ಇಡೀ ಆಫೀಸಿಗೆ ಒಂದೇ ಲಾಗಿನ್; ಯಾರು ಏನು ಮಾಡಿದರೂ ಹೆಸರು ಬೀಳುತ್ತಿರಲಿಲ್ಲ. ಆರು ವರ್ಷದ ಹಿಂದೆ ಹಳೆಯ ಕೋಡನ್ನೆಲ್ಲ ಹೊಸ ಸರ್ವರಿಗೆ ಒಂದೇ ದಿನದಲ್ಲಿ ಸಾಗಿಸಿದವಳು ಚುಕ್ಕಿ. ಅಂದಿನಿಂದ ಹಳೆಯ ಪ್ರತಿ ಸಾಲಿನ ಪಕ್ಕದಲ್ಲೂ ಅವಳ ಹೆಸರು. ಹೊತ್ತು ತಂದವಳ ತಲೆಗೇ ಕಟ್ಟಿದಂತಾಯಿತು.

ಬೀರುವಿನ ಕೆಳಗಿನ ಖಾನೆಯಿಂದ ನೀಲಿ ನೋಟ್‌ಬುಕ್ ತೆಗೆದೆ. ನನ್ನದೇ ಅಕ್ಷರ. 'ಇಂದು ನಕಲು ಮಾಡುವ ಸಾಲು ತೆಗೆದೆ. ಮೂರು ಪಟ್ಟು ಬೇಗ ಓಡುತ್ತಿದೆ. ಪ್ರಿಂಟ್ ಮಾಡಿದರೆ ಮರ ಹಾಗೇ ಇದೆ. ಇಷ್ಟು ದಿನ ಸುಮ್ಮನೆ ನಕಲು ಮಾಡುತ್ತಿದ್ದೆವು.' ಅಡಿಯಲ್ಲಿ ಎರಡು ಗೆರೆ. ಖುಷಿಗೆ ಎಳೆದದ್ದು.

ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ ನಾನು. ಮ್ಯಾನ್ಯುಯಲ್ ಓದಿ, ತಪ್ಪು ಮಾಡಿ, ಮತ್ತೆ ಓದಿ ಕಲಿತದ್ದು. ಓದಿದವರು ಬರೆದದ್ದಕ್ಕಿಂತ ಬೇಗ ಓಡಿಸಿಬಿಟ್ಟೆ ಎಂಬ ಹಮ್ಮು ಆ ಎರಡು ಗೆರೆಯಲ್ಲಿ ಇನ್ನೂ ಇದೆ. ಆ ಸಾಲು ಯಾಕಿತ್ತು ಎಂದು ಯಾರನ್ನೂ ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲದವಳು ಎಂದು ಗೊತ್ತಾಗುತ್ತಿತ್ತಲ್ಲ.

ತಂಗಿಗೆ ಕಾಗದ ಬರೆಯಲು ಕುಳಿತೆ. 'ಚುಕ್ಕಿ ಚೆನ್ನಾಗಿದ್ದಾಳೆ' ಎಂದು ಬರೆದು ಪೆನ್ನು ಮುಚ್ಚಿದೆ.

ಮಾರ್ಚ್ 15, ಶುಕ್ರವಾರ. ಮಧ್ಯಾಹ್ನ

ಮೂರನೇ ಮಹಡಿಯ ತಿರುವಿನಲ್ಲಿ ಮೆಟ್ಟಿಲ ಮೇಲೆ ಕುಳಿತು ಸುಧಾರಿಸಿಕೊಳ್ಳುತ್ತಿದ್ದೆ. ಚುಕ್ಕಿ ಬಂದವಳು ಪಕ್ಕದಲ್ಲೇ ಕುಳಿತಳು.

'ಆ ಸಾಲು—' ಎಂದೆ.

'ಗೊತ್ತು ಮೇಡಂ.'

'ಏನು ಗೊತ್ತು?'

'ಸಾಗಿಸೋವಾಗ್ಲೇ ಓದಿದ್ದೆ. ಅಲ್ಲಿ "ಇಲ್ಲಿ ನಕಲು ಬೇಡ" ಅಂತ ಕೋಡಿನ ಪಕ್ಕ ಒಂದು ಕಾಮೆಂಟ್ ಇತ್ತು, ಕೆಳಗೆ ಎರಡು ಗೆರೆ. ಈ ಬಿಲ್ಡಿಂಗಲ್ಲಿ ಕಾಮೆಂಟಿಗೂ ಅಡಿಗೆರೆ ಎಳೆಯೋರು ಇನ್ಯಾರಿದ್ದಾರೆ? ಹಳೇ ಕಾಮೆಂಟೆಲ್ಲ ಆಗ್ಲೇ ತೆಗೆದುಬಿಟ್ಟೆ. ನಂಗೂ ಸರಿ ಅನ್ನಿಸಿತ್ತು. ನಾನೂ ಹತ್ತಿ ನೋಡ್ಲಿಲ್ಲ.'

'ಹಾಗಿದ್ರೆ ಸಾಹೇಬರ ಮುಂದೆ ಯಾಕೆ ಹೇಳ್ಲಿಲ್ಲ?'

'ನೀವು ಹೇಳ್ತೀರೇನೋ ಅಂತ ನೋಡಿದೆ.'

ಮೊಣಕಾಲು ನೀವಿಕೊಂಡೆ. ಅವಳೇ ಮುಂದುವರಿಸಿದಳು. 'ಆಮೇಲೆ, ಹೇಳದೇ ಇದ್ದಿದ್ದೇ ಒಳ್ಳೇದಾಯ್ತು ಅನ್ನಿಸ್ತು. ಇನ್ನಾರು ವಾರ. ಕೊನೇ ದಿನ ಎಲ್ಲರೂ ನಾಲ್ಕು ಒಳ್ಳೇ ಮಾತಾಡ್ತಾರೆ, ಕೇಳಿಸ್ಕೊಂಡು ಹೋಗಿ. ನಂಗಿನ್ನೂ ಮೂವತ್ನಾಲ್ಕು. ಬೇರೆ ಏನಾದ್ರೂ ನೋಡ್ಕೋತೀನಿ.'

'ಔಷಧದ ಕೆಲಸ ಬಿಟ್ಟು ನಿಂಗೇನೇ ಬರುತ್ತೆ?'

'ಬಯ್ಯೋದು ಬರುತ್ತೆ. ನಿಮ್ಮ ಹತ್ರಾನೇ ಕಲ್ತಿದ್ದು.'

ಕೈ ಕೊಟ್ಟು ಎಬ್ಬಿಸಿದಳು. ಕೈ ತಣ್ಣಗಿತ್ತು. ನಗು ಕೈಯ ತನಕ ಬಂದಿರಲಿಲ್ಲ.

'ನೀವು ಹೇಳ್ತೀರೇನೋ ಅಂತ ನೋಡಿದೆ.' ಅದೊಂದು ಮಾತು ಮಾತ್ರ ನನ್ನ ಜೊತೆ ನಾಲ್ಕನೇ ಮಹಡಿ ಹತ್ತಿತು.

ಮಾರ್ಚ್ 20, ಬುಧವಾರ. ಸಂಜೆ 5.30

ಸುಸ್ತು. ನಕಲು ಮಾಡುವ ಸಾಲನ್ನು ಮತ್ತೆ ಹಾಕಿದೆ. ಓಟ ನಿಧಾನವಾಯಿತೇ ಎಂದು ನೋಡಿದರೆ ಯಾರಿಗೂ ತಿಳಿಯದಷ್ಟು. ಯಂತ್ರಗಳು ಬೇಗದವಾಗಿ ಎಷ್ಟು ವರ್ಷವಾಯಿತು. ನಾನೊಬ್ಬಳು ಹಳೆಯ ಉಳಿತಾಯವನ್ನೇ ಅಪ್ಪಿಕೊಂಡಿದ್ದೆ.

ಹೊಸ ಪರೀಕ್ಷೆ ಬರೆದೆ. ಪ್ರತಿ ಎಲೆಯಿಂದ ಬೇರಿನ ತನಕ ಹತ್ತಿ, ದಾರಿಯಲ್ಲಿ ಪ್ರತಿಯೊಬ್ಬರನ್ನೂ ಕೇಳುವುದು — ಇದು ನಿನ್ನ ಕೆಳಗಿನದೇನಾ? ಹಳೆಯ ನಾನೂರು ಮಾದರಿಗಳ ಮೇಲೆ ಓಡಿಸಿದೆ. ಮೂವತ್ತೇಳು ಬಿದ್ದವು. ಒಂದು ಮರದಿಂದ ಕಿತ್ತು ಇನ್ನೊಂದಕ್ಕೆ ಕೂಡಿಸಿದ ಕೊಂಬೆಗಳೂ ಹಳೆಯ ಮರದ ಹೆಸರನ್ನೇ ಹೇಳಿಕೊಂಡು ಕುಳಿತಿದ್ದವು. ಒಂದೊಂದನ್ನೇ ಬಿಡಿಸಿ, ತಿದ್ದಿದೆ. ಈಗ ಒಂದೂ ಬೀಳುತ್ತಿಲ್ಲ.

ಸಾಹೇಬರು ಕಾಗದ ಟೈಪ್ ಮಾಡಿಸುತ್ತಿದ್ದಾರಂತೆ. ನಾಳೆ ಹೋಗುತ್ತದೆ. ಇವತ್ತೂ ಅವರ ಬಾಗಿಲ ಮುಂದೆ ಎರಡು ಸಲ ನಡೆದು ವಾಪಸು ಬಂದೆ. ಎರಡನೆಯ ಸಲ, ಏನಾದ್ರೂ ಬೇಕಿತ್ತಾ ಎಂದರು. ಸ್ಟೇಪ್ಲರ್ ಎಂದೆ. ಕೊಟ್ಟರು.

ಮಾರ್ಚ್ 21, ಗುರುವಾರ. 10.30

ಸ್ಟೇಪ್ಲರ್ ವಾಪಸು ಕೊಡಲು ಹೋದೆ. ಜೊತೆಗೆ ನೀಲಿ ನೋಟ್‌ಬುಕ್.

'ಸದ್ಯಕ್ಕೆ ಕಾಗದ ರೆಡಿ ಇದೆ ಮೇಡಂ. ಹೆಸರು ಹಾಕೋದೊಂದೇ ಬಾಕಿ.'

'ಅದಕ್ಕೇ ಬಂದೆ ಸಾರ್.'

ಪುಟ ಓದಿದರು. ಮತ್ತೆ ಓದಿದರು. ಎರಡು ಗೆರೆಯ ಮೇಲೆ ಬೆರಳಾಡಿಸಿದರು.

'ಇದನ್ನ ನಾನು ನೋಡೇ ಇಲ್ಲ ಅಂದ್ಕೊಳ್ಳಿ. ತಗೊಂಡು ಹೋಗಿ.'

'ನೋಡಿದ್ದೀರಿ.'

'ನಿಮ್ಮ ಹೆಸರು ಹಾಕಿದ್ರೆ ಲಾಗಿನ್ ಇವತ್ತೇ ಮುಚ್ಚಬೇಕಾಗುತ್ತೆ. ಏಪ್ರಿಲ್ ತನಕ ಕಾಯೋ ಹಾಗಿಲ್ಲ. ಬೀಳ್ಕೊಡುಗೆ ಗೀಳ್ಕೊಡುಗೆ ಏನೂ ಇರಲ್ಲ ಮೇಡಂ.'

ಇಷ್ಟು ಹೊತ್ತಿನಲ್ಲಿ ಸದ್ಯಕ್ಕೆ ಎನ್ನುವುದನ್ನೇ ಮರೆತಿದ್ದರು. ಪಾಪ ಅನ್ನಿಸಿತು.

'ಹಾಕಿ ಸಾರ್. ಕರಡು ಇಲ್ಲಿ ಕೊಡಿ, ಒಂದ್ಸಲ ನೋಡಿ ಕೊಡ್ತೀನಿ.'

ಕೊಟ್ಟರು. ಕೊನೆಯ ಸಾಲಿನಿಂದ ಮೇಲಕ್ಕೆ ಓದಿದೆ. ಎರಡು ತಪ್ಪಿತ್ತು. ತಿದ್ದಿದೆ. ಹೊಸ ಪರೀಕ್ಷೆಯ ಬಗ್ಗೆ ಒಂದು ಸಾಲು ಸೇರಿಸಿ, ಹೆಸರಿನ ಜಾಗದಲ್ಲಿ ನನ್ನ ಹೆಸರನ್ನು ನಾನೇ ಬರೆದೆ. ಅಡಿಗೆರೆ ಎಳೆಯಲಿಲ್ಲ.

11.40

ಉಗ್ರಾಣದ ಮೇಲ್ವಿಚಾರಕರ ಫೋನ್.

'ಈ-ಮೇಲಲ್ಲಿ ಕಾಗದ ನೋಡಿದೆ ಮೇಡಂ.' ಹಿಂದೆ ಶೀತಯಂತ್ರದ ಸದ್ದು. 'ಆ ಕೆಳಗಿಂದ ಹತ್ತೋ ಪರೀಕ್ಷೆ ಬರೆದಿದ್ದೀರಲ್ಲ, ನೀವು ಹೋದ್ಮೇಲೆ ಅದನ್ನ ಯಾರು ನೋಡ್ಕೋತಾರೆ?'

ಚುಕ್ಕಿಯ ಹೆಸರು ಹೇಳಿದೆ. ಮನೆಯ ಹೆಸರಲ್ಲ, ಪೂರ್ತಿ ಹೆಸರು.

'ಸರಿ. ಅವರನ್ನೇ ಕಳಿಸಿ. ಎರಡನೇ ಕೋಣೇನ ಪರಿಚಯ ಮಾಡಿಸ್ತೀನಿ.'

12.05

ಪಾಸ್‌ವರ್ಡ್ ತೆಗೆದುಕೊಳ್ಳುತ್ತಿಲ್ಲ. ಮೂರು ಸಲ ನೋಡಿದೆ. ಸರಿ ಮತ್ತೆ.

ಪೆನ್ಸಿಲಿನ ಮರಗಳ ಕಟ್ಟನ್ನು ಚುಕ್ಕಿಯ ಮೇಜಿನ ಮೇಲಿಟ್ಟು ಬಂದೆ. ನೀಲಿ ನೋಟ್‌ಬುಕ್, ಡಬ್ಬಿ ಚೀಲಕ್ಕೆ. ಸಂಜೆ ತಂಗಿಗೆ ಪೂರ್ತಿ ಕಾಗದ ಬರೆಯಬೇಕು, ಏನನ್ನೂ ಮುಚ್ಚದೆ. ಇಳಿಯಲು ನಾಲ್ಕು ಮಹಡಿ ಇದೆ, ಅದಕ್ಕೆ ಮುಂಚೆ ಐದು ನಿಮಿಷ ಕುಳಿತು ಇದನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ.

ಮೆಟ್ಟಿಲ ಮೇಲೆ ಚುಕ್ಕಿಯ ಹೆಜ್ಜೆ. ಎರಡೆರಡು ಮೆಟ್ಟಿಲು ಒಟ್ಟಿಗೆ. ಯಾರೋ ಹೇಳಿಬಿಟ್ಟಿದ್ದಾರೆ. ಬಯ್ಯಲಿಕ್ಕೇ ಬರುತ್ತಿದ್ದಾಳೆ. ಬಯ್ಯಲಿ.

ಬಾಗಿಲಲ್ಲಿ ನಿಂತಳು. ಏದುಸಿರು. ಗುಂಪಿನವರೆಲ್ಲ ತಲೆಯೆತ್ತಿದ್ದಾರೆ. ಅಷ್ಟು ಜನರ ಮುಂದೆ, ಒಂಬತ್ತು ವರ್ಷದಲ್ಲಿ ಮೊದಲ ಸಲ — 'ದೊಡ್ಡಮ್ಮ, ಆ ಪೆನ್ಸಿಲ್ ಕೆಳಗಿಡಿ—