ಎಮ್ಮೆಯ ಕೊರಳಿಗೆ ಬಳೆಯ ಅರಗು

ಕುರ್ಲಾ, ಮುಂಬಯಿ
೧೪ ನವೆಂಬರ್ ೧೯೭೩

ಪ್ರೀತಿಯ ಗೆಳತಿ ಸುಂದ್ರವ್ವನಿಗೆ,

ನಿನ್ನ ಬಷೀರಾ ಮಾಡುವ ಸಲಾಮು. ನಾವಿಲ್ಲಿ ಸುಖವಾಗಿದ್ದೇವೆ. ಎರಡು ವರ್ಷ ಒಂದಕ್ಷರ ಬರೆಯದವಳಿಗೆ ಈಗ ನನ್ನ ನೆನಪಾಯಿತೇ ಅಂತ ಬಯ್ಯುತ್ತಿರಬೇಕು. ಬಯ್ಯಿ. ಪುರುಸೊತ್ತಿರಲಿಲ್ಲ ಅಂತ ಸುಳ್ಳು ಹೇಳಲಾರೆ. ಬರೆಯಲು ಕೂತಾಗೆಲ್ಲ ಕೈ ಏಳುತ್ತಿರಲಿಲ್ಲ. ಇವತ್ತು ಮನಸ್ಸು ಹಗುರಾಗಿದೆ, ಅದಕ್ಕೇ ಧೈರ್ಯ ಮಾಡಿದ್ದೇನೆ.

ಮೊದಲು ಒಳ್ಳೆಯ ಸುದ್ದಿ. ನಮ್ಮ ಯಜಮಾನರ ಕೆಲಸ ಉಳಿಯಿತು! ಬೈಕುಲ್ಲಾದ ರೇಡಿಯೊ ಕಾರ್ಖಾನೆಯಲ್ಲಿ ಅವರು ಮಾಡುವ ಕೆಲಸ ಕೇಳಿದರೆ ನಗುತ್ತೀ. ಎಮ್ಮೆಗೆ ರೇಡಿಯೊ ಕಟ್ಟುವುದು. ಹಾಡು ಕೇಳಲಿಕ್ಕಲ್ಲವ್ವ. ಹಾಲು ಬತ್ತಿದ ಎಮ್ಮೆಗಳನ್ನು ಆರೆ ಅನ್ನುವ ಹಾಲಿನ ಕಾಲೋನಿ ಕಡೆಯ ಗುಡ್ಡದಲ್ಲಿ ಮೇಯಲು ಬಿಡುತ್ತಾರೆ. ಅವು ಎಲ್ಲೆಲ್ಲಿ ತಿರುಗುತ್ತವೆ ಅಂತ ಒಬ್ಬ ದನದ ಡಾಕ್ಟರಿಗೆ ತಿಳಿಯಬೇಕಂತೆ. ಕೊರಳ ಪಟ್ಟಿಗೆ ಒಂದು ಡಬ್ಬಿ, ಒಳಗೆ ಸೆಲ್ಲು, ಹೊರಗೆ ಬಾಲದ ಹಾಗೆ ಒಂದು ತಂತಿ. ದೂರದಲ್ಲಿ ಏರಿಯಲ್ ಹಿಡಿದು ನಿಂತವರಿಗೆ ಟಿಕ್ ಟಿಕ್ ಅಂತ ಕೇಳಿಸುತ್ತದೆ. ಜೋರಾಗಿ ಕೇಳಿಸಿದ ದಿಕ್ಕಿನಲ್ಲಿ ಎಮ್ಮೆ ಇದೆ ಅಂತ ತಿಳಿಯಬೇಕು.

ಆದರೆ ನೀರು ಕಂಡ ಎಮ್ಮೆ ಸುಮ್ಮನಿರುತ್ತದೆಯೇ? ಮೊದಲ ಡಬ್ಬಿ ಎರಡೇ ದಿನಕ್ಕೆ ಮೂಕಾಯಿತು. ತಂತಿ ಹೊರಬರುವ ತೂತಿನಿಂದ ನೀರು ಹೊಕ್ಕಿತ್ತು. ಎರಡನೆಯದಕ್ಕೆ ರಬ್ಬರು ಅಂಟಿಸಿದರು. ಆ ಮಹಾರಾಣಿ ಮರಕ್ಕೆ ಕತ್ತು ತಿಕ್ಕಿ ಅದನ್ನೂ ಕಿತ್ತುಹಾಕಿತು. ಕಾರ್ಖಾನೆಯ ಮುಕಾದಮ ಗುರಲಿಂಗಪ್ಪ, ನಮ್ಮ ಕಡೆಯವನೇ, ಇವರಿಗೆ "ಶರೀಫ, ಮೂರನೇದೂ ಕೆಟ್ರ ಸೇಠ್ ನಿನ್ನ ಇಟ್ಕೊಳ್ಳಾಂಗಿಲ್ಲ ನೋಡಪಾ" ಅಂದುಬಿಟ್ಟ.

ಅವತ್ತು ಇವರು ಊಟ ಮಾಡದೆ ಮೂರನೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಆ ತೂತನ್ನೇ ನೋಡಿದೆ. ಮಂಚದ ಕೆಳಗೆ ಅಮ್ಮೀ ಕೊಟ್ಟ ಬಳೆಯ ಅರಗಿನ ಪೆಟ್ಟಿಗೆ ಇತ್ತು. ಎರಡು ವರ್ಷ ಅದನ್ನು ತೆರೆದಿರಲಿಲ್ಲ. ಯಾಕೆ ಅಂತ ನಿನಗೆ ಗೊತ್ತು. ಕಣ್ಣು ಮುಚ್ಚಿ ಎಳೆದು, ತೂತಿಗೆ ಅರಗು ಮೆತ್ತುತ್ತೇನೆ ಅಂದೆ.

"ಪಾಗಲ್ ಹುಯೀ ಕ್ಯಾ?" ಅಂತ ಇವರು ರೇಗಿದರು. ಶಾಖ ತಾಗಿದರೆ ಒಳಗಿನದೆಲ್ಲ ಸುಟ್ಟುಹೋಗುತ್ತದಂತೆ. ಹೆಂಗಸರ ಮುಂಗೈ ಸುಡದ ಹಾಗೆ ಬಳೆ ಬೆಸೆಯುವವಳಿಗೆ ನಿಮ್ಮ ಡಬ್ಬಿ ಯಾವ ಲೆಕ್ಕ ಅಂದೆ. ಅರಗಿಗೆ ಇಟ್ಟಂಗಿ ಪುಡಿ ಬೆರೆಸಿ, ಇದ್ದಿಲ ಒಲೆಯ ಮೇಲೆ ಮೆತ್ತಗೆ ಮಾಡಿ, ಮೊದಲು ನನ್ನ ಮುಂಗೈಗೇ ತಾಗಿಸಿ ನೋಡಿ, ತಂತಿಯ ಬುಡಕ್ಕೆ ಮೂರು ಸುತ್ತು ಸುತ್ತಿದೆ.

ಇಪ್ಪತ್ತು ದಿನವಾಯಿತು ಸುಂದ್ರವ್ವ! ಎಮ್ಮೆ ದಿನವೂ ಕೆರೆಯಲ್ಲಿ ಬಿದ್ದುಕೊಂಡಿದ್ದರೂ ಟಿಕ್ ಟಿಕ್ ನಿಂತಿಲ್ಲ. ನಿನ್ನೆ ಡಾಕ್ಟರು ಅರಗನ್ನು ಉಗುರಿನಿಂದ ಕೆರೆದು ನೋಡಿ, ಇದು ಯಾವ ದೇಶದ ಸಾಮಾನು ಅಂತ ಕೇಳಿದರಂತೆ. ಇವರು "ಸಸುರಾಲ್ ಕಾ ಮಾಲ್ ಹೈ ಸಾಬ್" ಅಂದರಂತೆ, ಮಾವನ ಮನೆಯ ಸಾಮಾನಂತೆ! ಇನ್ನೂ ಹತ್ತು ಡಬ್ಬಿ ಬೇಕಂತೆ, ಅರಗಿನ ಕೆಲಸ ನನ್ನದೇ. ರಾತ್ರಿ ಇಬ್ಬರೂ ಹೊಟ್ಟೆತುಂಬ ಉಂಡೆವು.

ನಿಮ್ಮ ಅತ್ತೆ ಭಾಗವ್ವನವರಿಗೆ ಸಲಾಮು ತಿಳಿಸು. ನಿನ್ನ ಮಗಳು ಮಲ್ಲವ್ವನಿಗೆ ನನ್ನ ಮುದ್ದು. ನಮ್ಮ ಬಂದೇನವಾಜರೂ ನಿಮ್ಮ ಶರಣಬಸಪ್ಪನೂ ನಿನ್ನನ್ನು ತಣ್ಣಗಿಡಲಿ.

ನಿನ್ನ
ಬಷೀರಾ

ತಾ.ಕ.: ಮಡಿಚಿದ ಕಾಗದ ಮತ್ತೆ ಬಿಚ್ಚಿದೆ. ನಿನ್ನ ಮದುವೆಯಲ್ಲಿ ಎರಡು ಹಸಿರು ಅರಗಿನ ಬಳೆ ನಿನ್ನ ಕೈಗೆ ಬೆಸೆದವಳು ನಾನು. ಎರಡು ವರ್ಷದ ಹಿಂದೆ ನಿನ್ನ ಗಂಡನನ್ನು ಮಣ್ಣು ಮಾಡಿದ ದಿನ, ಬೆಸೆದವಳೇ ಬಿಡಿಸಲಿ ಅಂತ ಭಾಗವ್ವ ಊರಿಗೆ ಬಂದಿದ್ದ ನನ್ನನ್ನೇ ಕರೆಸಿದರು. ನೀನು "ಬ್ಯಾಡ ಬಷೀರಾ, ಇವಷ್ಟರ ಇರ್ಲಿ" ಅಂದೆ. ನನಗೆ ಕೇಳಿಸಿತ್ತು. ಕೇಳಿಸದವಳ ಹಾಗೆ ಕೆಂಡ ಹಿಡಿದು ಬೆಸುಗೆ ಬಿಡಿಸಿದೆ. ಆ ಎರಡು ಬಳೆ ಅರಗಿನ ಪೆಟ್ಟಿಗೆಯಲ್ಲೇ ಇವೆ. ಹೂಂ ಅಂತ ಒಂದು ಕಾರ್ಡು ಹಾಕು. ಯಾರು ಏನೇ ಅನ್ನಲಿ, ನಾನೇ ಬಂದು ಬೆಸೆಯುತ್ತೇನೆ.