ಅಲಗಿನ ಗೀರು

ಹದಿನೆಂಟನೇ ತಾರೀಖು, ಗುರುವಾರ ಬೆಳಿಗ್ಗೆ

ನನ್ನ ಮುದ್ದಿನ ತಮ್ಮನಿಗೆ,

ಅಕ್ಕನ ಆಶೀರ್ವಾದ. ನಿನ್ನ ಪತ್ರವೂ ಅದರ ಜೊತೆಗಿನ ಲಕೋಟೆಯೂ ಬಂದು ಮೂರು ವಾರವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಕಣ್ಣಿನ ನೆಪ ಹೇಳೋಣವೆಂದರೆ, ಆಪರೇಷನ್ ಆದ ಮೇಲೆ ಕಣ್ಣು ಚೆನ್ನಾಗಿಯೇ ಕಾಣುತ್ತಿದೆ. ಇಷ್ಟು ಚೆನ್ನಾಗಿ ಕಾಣಬಾರದಿತ್ತು ಅನ್ನಿಸುವಷ್ಟು. ಅದನ್ನು ಮುಂದೆ ಹೇಳುತ್ತೇನೆ. ಗಣಿಯ ಧೂಳಿನಲ್ಲಿ ನಿನ್ನ ಕೆಮ್ಮು ಹೇಗಿದೆ? ನಿನ್ನ ಹೆಂಡತಿ ಅಲ್ಲಿನ ಆಸ್ಪತ್ರೆಯಲ್ಲಿ ಊರವರ ಕೆಮ್ಮನ್ನೆಲ್ಲ ವಾಸಿಮಾಡಿ ಮನೆಯ ಕೆಮ್ಮನ್ನು ಹಾಗೇ ಬಿಟ್ಟಿದ್ದಾಳೋ ಏನೋ, ಕೇಳಿದೆನೆಂದು ಹೇಳು.

ನನ್ನ ಕಣ್ಣಿಗೆ ಪಟ್ಟಿ ಕಟ್ಟಿದ್ದ ಆ ದಿನಗಳಲ್ಲಿ ನೀನು ರಜೆ ಹಾಕಿ ಬಂದೆಯಲ್ಲ, "ಅಕ್ಕಾ, ನೀನು ಮಲ್ಕೋ, ಬೈಂಡಿಂಗ್ ಅಂಗಡಿ ನಾನು ನೋಡ್ಕೋತೀನಿ" ಎಂದೆಯಲ್ಲ, ಅದನ್ನು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಎದುರುಮನೆಯ ದರ್ಜಿಗೆ ಎರಡು ಸಲ ಹೇಳಿದೆ. ಅವನಿಗೆ ತಮ್ಮಂದಿರಿಲ್ಲ, ಪಾಪ, ಹೊಟ್ಟೆ ಉರಿದುಕೊಂಡ.

ನಿನ್ನ ಮಗಳು ಪಿಟೀಲು ಚೆನ್ನಾಗಿದ್ದಾಳೆ. ತೊಟ್ಟಿಲಲ್ಲಿ ಎಳೆದೆಳೆದು ಅಳುತ್ತಿದ್ದಳೆಂದು ನೀನಿಟ್ಟ ಹೆಸರು, ಹದಿನೇಳಾದರೂ ಹೋಗಿಲ್ಲ. ಗಣಿಯ ಹತ್ತಿರ ಹೈಸ್ಕೂಲಿಲ್ಲವೆಂದು ನೀವು ಅವಳನ್ನು ನನ್ನ ಬಳಿ ಬಿಟ್ಟು ನಾಲ್ಕು ವರ್ಷವಾಯಿತು. ಒಂಬತ್ತನೇ ತರಗತಿಗೆ ಸೇರಿದ ವಾರವೇ, ಕಾಲೇಜು ಪ್ರವೇಶಕ್ಕೆಂದು ನೀನು ಗೊತ್ತುಮಾಡಿದ ಆ ನಗುಮುಖದ ಸಲಹೆಗಾರ ಅಂಗಡಿಗೆ ಬಂದು, ರಟ್ಟಿನ ಗಂಟಿನ ಮೇಲೆ ಕೂತು ಹೇಳಿದ: "ಇವತ್ತಿಂದ ನೀನು ಏನು ಮಾಡಿದ್ರೂ ಕಾಗದದ ಮೇಲೆ ಕಾಣ್ಬೇಕಮ್ಮ. ಕಾಲೇಜಿನವ್ರು ನೋಡೋದು ಕಾಗದಾನೇ."

ನನ್ನ ಅನುಮಾನ ಅಂದೇ ಶುರುವಾಯಿತು. ಶಾಲೆ ಮೆಟ್ಟಿಲು ಹತ್ತದ ನಾನು ಪ್ರೆಸ್ಸಿನಲ್ಲಿ ಹಾಳಾದ ಹಾಳೆಗಳನ್ನು ಆರಿಸಿ ಅಕ್ಷರ ಕಲಿತವಳು. ಕಾಗದ ಯಾರು ಏನು ಹೇಳಿದರೂ ಹೊತ್ತುಕೊಳ್ಳುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆಮೇಲೆ ಹುಡುಗಿ ಒಂದು ನೋಟುಪುಸ್ತಕ ಇಟ್ಟಳು. ಚರ್ಚಾಸ್ಪರ್ಧೆ, ಈಜು, ವೃದ್ಧಾಶ್ರಮದಲ್ಲಿ ಓದಿ ಹೇಳುವುದು, ಎಲ್ಲಕ್ಕೂ ತಾರೀಖು. ಒಂದು ದಿನ ಕೇಳಿದಳು, "ಅತ್ತೆ, ನಿಂಗೆ ಚಹಾ ಮಾಡಿಕೊಟ್ಟಿದ್ದನ್ನ ಸಮಾಜಸೇವೆ ಅಂತ ಬರ್ಕೋಬಹುದಾ?"

"ಮೊದ್ಲು ಸಕ್ಕರೆ ಹಾಕು, ಆಮೇಲೆ ಬರ್ಕೋ" ಎಂದೆ.

ನಗುತ್ತಿದ್ದೆ, ಆದರೆ ಒಳಗೊಳಗೆ ಹುಳ ಕೊರೆಯುತ್ತಿತ್ತು. ಹತ್ತನೇ ತರಗತಿಯಲ್ಲಿ ಆಶ್ರಮಕ್ಕೆ ಹೋಗುವುದೇ ಇಲ್ಲವಾಯಿತು. ಯಾಕೆಂದು ಕೇಳಿದರೆ ಮಾತು ಮರೆಸಿದಳು. ಹನ್ನೊಂದರಲ್ಲಿ ಬರೀ ಮಾದರಿ ಪರೀಕ್ಷೆ, ಮಧ್ಯೆ ಮಧ್ಯೆ ಸಲಹೆಗಾರನ ಕಚೇರಿಯಿಂದ ಲಕೋಟೆಗಳು. ನಾಚಿಕೆ ಬಿಟ್ಟು ಹೇಳುತ್ತೇನೆ, ಅವಳು ಸ್ನಾನಕ್ಕೆ ಹೋದಾಗ ಎರಡು ಸಲ ಅವಳ ಚೀಲ ತಡಕಿದ್ದೇನೆ. ಸಿಕ್ಕಿದ್ದು ಬಾಚಣಿಗೆ, ಒಣಗಿದ ಅರ್ಧ ಬನ್ನು.

ಈಗ ವಿಷಯಕ್ಕೆ ಬರುತ್ತೇನೆ. ಅರ್ಜಿಯ ಜೊತೆ ಕೊಡುವ ನಾಲ್ಕು ವರ್ಷದ ಕಡತವನ್ನು ನಾನೇ ಹೊಲಿದು ಪುಸ್ತಕ ಮಾಡಬೇಕೆಂದು ನೀನು ಬರೆದಿದ್ದೆ. ಜೊತೆಗಿದ್ದ ಅಂಟಿಸಿದ ಲಕೋಟೆಯ ಮೇಲೆ, "ಇದನ್ನು ಕೊನೆಯಲ್ಲಿ ಸೇರಿಸಿ ಹೊಲಿದುಬಿಡು. ಸಲಹೆಗಾರರು ಕೊಟ್ಟಿದ್ದು. ಬಿಡಿಸಿ ನೋಡುವುದು ಬೇಡ, ಪಿಟೀಲಿಗೂ ತೋರಿಸಬೇಡ" ಎಂದಿದ್ದೆ. ತಮ್ಮಾ, ಹಾಳೆ ಬಿಡಿಸದೆ, ಮೇಜಿನ ಮೇಲೆ ತಟ್ಟಿ ಅಂಚು ಸಮ ಮಾಡದೆ ಹೊಲಿಯುವ ಬೈಂಡರು ಎಲ್ಲಿದ್ದಾನೆ? ಬಿಡಿಸಿದೆ.

ನಾಲ್ಕು ಪ್ರಮಾಣಪತ್ರ. ವೃದ್ಧಾಶ್ರಮದ ಹೆಸರು, ಮೊಹರು, ಸಹಿ. ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೊಂದು, ಒಂದೊಂದಕ್ಕೂ ನೂರು ಗಂಟೆಯ ಸೇವೆ. ಅದೇ ಕಡತದ ಮೇಲ್ಭಾಗದಲ್ಲಿ ಹುಡುಗಿ ತನ್ನ ಬಗ್ಗೆ ಬರೆದ ಪ್ರಬಂಧವಿತ್ತು. ಅವಳು ಬರೆದಿದ್ದಾಳೆ: "ಮೂರು ತಿಂಗಳು ಓದಿ ಹೇಳಿದೆ. ನಾನು ಓದುತ್ತಿದ್ದ ಅಜ್ಜಿ ಕಥೆ ಮುಗಿಯುವ ಮೊದಲೇ ತೀರಿಕೊಂಡರು. ಮತ್ತೆ ಆ ಬಾಗಿಲು ದಾಟುವ ಧೈರ್ಯ ನನಗೆ ಬರಲಿಲ್ಲ. ನಾನು ಬಿಟ್ಟುಬಂದೆ ಎಂಬುದನ್ನು ಮುಚ್ಚಿಡುವುದಿಲ್ಲ."

ಕಾಲೇಜಿನಲ್ಲಿ ಯಾರಾದರೂ ಎರಡನ್ನೂ ಓದಿದರೆ ಮುಗಿಯಿತು. ಹುಡುಗಿಯನ್ನು ಸುಳ್ಳುಗಾತಿ ಎಂದು ಅವಳ ಕಡತವೇ ಹಿಡಿದುಕೊಡುತ್ತದೆ. ನಾಲ್ಕು ವರ್ಷ ನೀರಿನಲ್ಲಿ ಹೋಮ.

ಮೊದಲು ಸಲಹೆಗಾರನ ಮೇಲೆಯೇ ಅನುಮಾನ. ಅವನ ಕಚೇರಿಗೆ ಹೋಗಿ ಮೇಜಿನ ಮೇಲೆ ಹರಡಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ನಗು ನಿಂತಿತು. "ಅಮ್ಮಾ, ಇದು ನಂದಲ್ಲ. ಇಂಥದ್ದು ಸಿಕ್ಕಿಬಿದ್ರೆ ನನ್ನ ಕೆಲಸಾನೇ ಹೋಗುತ್ತೆ" ಎಂದ. ನಂಬಲಿಲ್ಲ. ನಗುವವನನ್ನೂ ನಂಬಲಿಲ್ಲ, ನಗದವನನ್ನೂ ನಂಬಲಿಲ್ಲ.

ಆಮೇಲೆ ಹುಡುಗಿಯ ಮೇಲೆ. ಅನ್ನ ಬಡಿಸುತ್ತಾ, ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ, "ಆಶ್ರಮದವ್ರು ಸರ್ಟಿಫಿಕೇಟು ಏನಾದ್ರೂ ಕೊಟ್ಟಿದ್ರಾ?"

"ಮೂರು ತಿಂಗಳಿಗೆ ಯಾರು ಕೊಡ್ತಾರತ್ತೆ? ನೀನೊಬ್ಳು, ಯಾವಾಗ್ಲೂ ಪೊಲೀಸ್ನೋರ ಥರ. ನನ್ನ ಚೀಲದಲ್ಲಿ ಹುಡುಕು, ಸಿಗಬಹುದು."

ಚೀಲದ ಮಾತು ಅವಳಿಗೆ ಗೊತ್ತಿತ್ತು ತಮ್ಮಾ. ಗೊತ್ತಿದ್ದೂ ಸುಮ್ಮನಿದ್ದಳು. ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ.

ನಿನ್ನೆ ಮಧ್ಯಾಹ್ನ ಕಿಟಕಿಯ ಬೆಳಕಿಗೆ ಆ ನಾಲ್ಕು ಹಾಳೆಗಳನ್ನು ಜೋಡಿಸಿ ಅಂಚು ನೋಡಿದೆ. ಎಡಮೂಲೆಯಿಂದ ಒಂದು ಬೆರಳಗಲ ಒಳಗೆ, ನಾಲ್ಕೂ ಹಾಳೆಗಳನ್ನು ದಾಟಿಕೊಂಡು, ಕೂದಲಿನಷ್ಟು ಸಣ್ಣ ಗೀರು. ಕಾಗದ ಕತ್ತರಿಸುವ ಮಷೀನಿನ ಅಲಗಿನಲ್ಲಿ ಒಂದು ಚೂರು ಹಾರಿದ್ದರೆ, ಕತ್ತರಿಸಿದ ಎಲ್ಲದರ ಮೇಲೂ ಅದೇ ಜಾಗದಲ್ಲಿ ಅಂಥ ಗೀರು ಬೀಳುತ್ತದೆ. ನಾಲ್ಕು ಬೇರೆ ಬೇರೆ ವರ್ಷದ ಹಾಳೆಗಳು ಒಂದೇ ಅಲಗಿನ ಕೆಳಗೆ ಒಟ್ಟಿಗೆ ಕೂತಿದ್ದವು.

ಆ ಅಲಗು ನನ್ನದು. ಆಪರೇಷನ್ನಿನ ಹಿಂದಿನ ದಿನ ಒಂದು ಪಿನ್ನು ಸಿಕ್ಕಿ ಅದರ ಬಾಯಿ ಮುರಿದಿತ್ತು. ಹದಿನಾರು ದಿನ ಬಿಟ್ಟು, ಪಟ್ಟಿ ಬಿಚ್ಚಿಸಿಕೊಂಡು ಬಂದ ಮೇಲೆಯೇ ನಾನು ಸಾಣೆ ಹಿಡಿಸಿದ್ದು. ಆ ಹದಿನಾರು ದಿನ ಅಂಗಡಿಯ ಬೀಗದಕೈ ಯಾರ ಜೇಬಿನಲ್ಲಿತ್ತು ಎಂದು ನಾನು ಬರೆಯಬೇಕಿಲ್ಲ.

ಕಡತವನ್ನು ಆ ನಾಲ್ಕು ಹಾಳೆಗಳಿಲ್ಲದೆ ಹೊಲಿದಿದ್ದೇನೆ. ತೆಳ್ಳಗಾಗಿದೆ. ಪ್ರಬಂಧ ಮೊದಲಲ್ಲೇ ಇದೆ. ನಾಳೆ ಅವಳೇ ಹೋಗಿ ಕೊಟ್ಟುಬರುತ್ತಾಳೆ. ನಿನ್ನ ಹಾಳೆಗಳನ್ನು ಈ ಪತ್ರದಲ್ಲೇ ಮಡಿಸಿ ಇಟ್ಟಿದ್ದೇನೆ. ಹರಿಯಲು ನನ್ನ ಕೈ ಬರಲಿಲ್ಲ, ನೀನೇ ಹರಿ.

ಕೆಮ್ಮಿಗೆ ಬಿಸಿನೀರು ಕುಡಿ. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ, ಮಗಳ ಮುಖ ನೋಡಿ ಹೆಮ್ಮೆಪಡುವ ದಿನ ಬರಲಿ.

ಇತಿ,
ನಿನ್ನ ಅಕ್ಕ

ಮತ್ತೆ: ಸಹಿ ಹಾಕಿ ಪೆನ್ನು ಮುಚ್ಚಿದೆ, ಆದರೆ ಏಳಲಾಗಲಿಲ್ಲ. ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದು ಕೂತರೆ ಇನ್ನೊಂದು ಹಾಳೆ ಕಣ್ಣಮುಂದೆ ಬರುತ್ತದೆ. ನಿನಗೆ ಕಾಲೇಜು ಸೇರಲು ವಯಸ್ಸು ಏಳು ತಿಂಗಳು ಕಡಿಮೆಯಿತ್ತು. ಪ್ರೆಸ್ಸಿನ ಊಟದ ಬಿಡುವಿನಲ್ಲಿ ನಾನೇ ಅಚ್ಚಿನ ಮೊಳೆ ಜೋಡಿಸಿ ನಿನಗೆ ಹೊಸ ಹುಟ್ಟಿದ ದಿನ ಅಚ್ಚುಹಾಕಿದೆ. ನೀನು ಪಕ್ಕದಲ್ಲಿ ನಿಂತು ಶಾಯಿ ಒಣಗಲೆಂದು ಉಫ್ ಉಫ್ ಎಂದು ಊದುತ್ತಿದ್ದೆ. ಇಬ್ಬರೂ ಎಷ್ಟು ನಕ್ಕೆವು! ಮಗುವಿನ ಚೀಲದಲ್ಲಿ ನಾನು ಹುಡುಕಿದ್ದು ನನ್ನ ಕೈಕೆಲಸವನ್ನೇ ಇರಬೇಕು.

ಇದನ್ನೆಲ್ಲ ಇವತ್ತು ಬೆಳಿಗ್ಗೆ ಅವಳಿಗೆ ಹೇಳಿದೆ. ನಿನ್ನದನ್ನೂ, ನನ್ನದನ್ನೂ. ತಿಂಡಿಯ ತಟ್ಟೆ ಸರಿಸಿದಳು. ಆಮೇಲೆ ಕೇಳಿದ್ದು ಒಂದೇ ಮಾತು: "ಹಾಗಾದ್ರೆ ಅಪ್ಪ ನಿಜವಾಗ್ಲೂ ಹುಟ್ಟಿದ್ದು ಯಾವತ್ತತ್ತೆ?"

ಹೇಳಿದೆ. ತನ್ನ ನೋಟುಪುಸ್ತಕದಲ್ಲಿ ಬರೆದುಕೊಂಡಳು. ಈ ವರ್ಷ ನಿನಗೆ ಅವಳ ಶುಭಾಶಯ ಆ ದಿನಕ್ಕೆ ಬರುತ್ತದೆ. ನಿನ್ನ ಹೆಂಡತಿ ಯಾಕೆಂದು ಕೇಳಿದರೆ, ಉತ್ತರ ನೀನೇ ಹೇಳು.